ಚೀಲ ಕಾಯುವವರಿಗೆ ಟಿಕೇಟಿಲ್ಲ

ಚೀಲ ಹಿಡಿದುಕೊಂಡು ನಿಲ್ಲುವುದೂ ಒಂದು ಉದ್ಯೋಗ ಎಂಬುದನ್ನು ಲೋಕ ಇನ್ನೂ ಒಪ್ಪಿಕೊಂಡಿಲ್ಲ. ಮನರಂಜನಾ ಪಾರ್ಕಿಗೆ ಹೋಗುವ ಪ್ರತಿ ಕುಟುಂಬದಲ್ಲೂ ಒಬ್ಬ ಈ ಕೆಲಸಕ್ಕೆ ನೇಮಕವಾಗಿರುತ್ತಾನೆ. ಅದಕ್ಕೆ ಅರ್ಜಿ ಬೇಡ, ಸಂದರ್ಶನ ಬೇಡ. ಮೊದಲ ಯಂತ್ರ ಕಣ್ಣಿಗೆ ಬಿದ್ದದ್ದೇ ತಡ, ಎಲ್ಲರೂ ತಮ್ಮ ತಮ್ಮ ಕನ್ನಡಕ, ಮೊಬೈಲು, ಟೋಪಿ, ಅರ್ಧ ತಿಂದ ಮೆಕ್ಕೆಜೋಳದ ತೆನೆ ಎಲ್ಲವನ್ನೂ ಅವನ ಕೈಗೆ ತುರುಕಿ, "ಇಲ್ಲೇ ಇರ್ರಿ, ಎಲ್ಲೂ ಹೋಗಬ್ಯಾಡ್ರಿ" ಎಂದು ಹೇಳಿ ಓಡಿಬಿಡುತ್ತಾರೆ. ಹೋಗುವುದಾದರೂ ಎಲ್ಲಿಗೆ? ನಾನು ಈ ಹುದ್ದೆಯಲ್ಲಿ ಬಹಳ ವರ್ಷ ಸೇವೆ ಸಲ್ಲಿಸಿದವನು. ಬ್ಯಾಂಕಿನಿಂದ ನಿವೃತ್ತನಾದೆ, ಇದರಿಂದ ಆಗಲಿಲ್ಲ.

ಈ ಉದ್ಯೋಗದಲ್ಲಿ ಸಂಬಳವಿಲ್ಲದಿರುವುದು ಹೋಗಲಿ, ಕೈಯಿಂದ ದುಡ್ಡು ಕೊಟ್ಟು ಕೆಲಸ ಮಾಡಬೇಕಾದದ್ದು ಇತ್ತೀಚಿನ ಬೆಳವಣಿಗೆ. ನಮ್ಮ ಕಡೆ ಈಗ ಊರ ಹೊರಗೆ ಎದ್ದು ನಿಂತಿರುವ ದೊಡ್ಡ ಪಾರ್ಕುಗಳಿಗೆ ಹೋಗಿ ನೋಡಿ. ನೀರಿಗೆ ಇಳಿಯುವವನಿಗೂ ಟಿಕೇಟು, ಇಳಿದವನ ಟವೆಲ್ ಹಿಡಿದು ದಂಡೆಯ ಮೇಲೆ ಕುಳಿತವನಿಗೂ ಟಿಕೇಟು. ಅಂಥದೊಂದು ಗೇಟಿನಲ್ಲಿ ನಾನು, "ನಾ ಏನೂ ಏರೂದಿಲ್ಲಪಾ, ಬರೇ ನೋಡತೇನಿ" ಎಂದು ಕಿಟಕಿಯೊಳಗಿನ ಹುಡುಗನಿಗೆ ಹೇಳಿದೆ. ಅವನು ತುಂಬ ಮರ್ಯಾದೆಯಿಂದ, "ನೋಡಾಕೂ ಅಷ್ಟss ರೀ ಸರ್" ಎಂದ. ಅಲ್ಲಿ ಕಳೆದ ಇಡೀ ದಿನ ನಾನು ನೋಡಿದ್ದು ಹಸಿ ಬಟ್ಟೆಯ ಗಂಟನ್ನು.

ಮಗ ಇರುವುದು ನ್ಯೂಜೆರ್ಸಿಯಲ್ಲಿ. ನಾವು ಹೋದಾಗಲೆಲ್ಲ ನಮಗೆ ಅಮೆರಿಕ ತೋರಿಸುವ ಹಟ ತೊಡುತ್ತಾನೆ. ನಯಾಗರ ಆಗಿತ್ತು, ನ್ಯೂಯಾರ್ಕಿನ ದೇವಿ ಆಗಿದ್ದಳು, ಪಿಟ್ಸ್‌ಬರ್ಗಿನ ವೆಂಕಟೇಶ್ವರನೂ ಆಗಿದ್ದ. ಕೆಲವು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಅವನು ಹೊಸದೊಂದು ಯೋಜನೆ ತೆಗೆದ. ಪೆನ್ಸಿಲ್ವೇನಿಯಾದ ಎಲಿಸ್‌ಬರ್ಗ್ ಎಂಬ ಸಣ್ಣ ಊರಿನ ಹತ್ತಿರ ಕಾಡಿನೊಳಗೆ ಒಂದು ಹಳೆಯ ಪಾರ್ಕು ಇದೆಯಂತೆ, ಹೆಸರು ಕನೋಬೆಲ್ಸ್. ಪಕ್ಕದಲ್ಲೇ ಡೇರೆ ಹಾಕಿಕೊಂಡು ಉಳಿಯಬಹುದಂತೆ. ನನ್ನ ಹೆಂಡತಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ನೆಲದ ಮ್ಯಾಲೆ ಮಲಗೂದಾದ್ರ ವಿಮಾನದ ಟಿಕೇಟ್ ಯಾಕ ತಗಸಿದ್ಯೋ? ನಮ್ಮ ಹಿತ್ತಲದಾಗ ಜಾಗಾ ಇದ್ದಿದ್ದಿಲ್ಲೇನು?" ಎಂದಳು. ಸೊಸೆ ನಕ್ಕಳು. ಮೊಮ್ಮಗ ಆಗಲೇ ಟಾರ್ಚು ಹುಡುಕುತ್ತಿದ್ದ. ಬಹುಮತ ಅವರ ಕಡೆಗಿತ್ತು.

ಮುಟ್ಟಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಗೇಟು ಹುಡುಕಿದ್ದು. ಅಭ್ಯಾಸ ನೋಡಿ. ಹಿರಿಯ ನಾಗರಿಕರ ರಿಯಾಯಿತಿ ಕೇಳಬೇಕೆಂದು ಪಾಸ್‌ಪೋರ್ಟಿನ ನಕಲನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ. ಕಾರು ನಿಲ್ಲಿಸಿದೆವು, ಅದಕ್ಕೆ ದುಡ್ಡು ಕೇಳಲಿಲ್ಲ. ಮರಗಳ ನಡುವೆ ನಡೆದೆವು. ಒಂದು ಹಳ್ಳ ದಾಟಿದೆವು. ಎಣ್ಣೆಯಲ್ಲಿ ಏನೋ ಕರಿಯುವ ವಾಸನೆ ಬಂತು, ಚೀರಾಟ ಕೇಳಿಸಿತು, ತಲೆಯ ಮೇಲೆ ಏನೋ ಗಡಗಡನೆ ಹಾದುಹೋಯಿತು. "ಗೇಟ್ ಎಲ್ಲೈತೋ?" ಎಂದೆ. "ಗೇಟಿಲ್ಲಪ್ಪಾ. ನಾವು ಒಳಗ ಬಂದು ಆಗಲೇ ಹತ್ತು ಮಿನಿಟ್ ಆತು" ಎಂದ ಮಗ.

ಗೇಟಿಲ್ಲ, ಪ್ರವೇಶ ಶುಲ್ಕವಿಲ್ಲ. ಏರುವವನು ಏರಿದ ಯಂತ್ರಕ್ಕೆ ಟಿಕೇಟು ಕೊಡಬೇಕು, ಆಗ ಅದನ್ನು ಪುಸ್ತಕದ ಲೆಕ್ಕದಲ್ಲಿ ಮಾರುತ್ತಿದ್ದರು, ಹರಿದು ಹರಿದು ಕೊಡುವುದು. ಏರದವನು ಬೆಂಚಿನ ಮೇಲೆ ಕುಳಿತು ಬೇಕಾದಷ್ಟು ಹೊತ್ತು ನೋಡಬಹುದು, ಮನೆಯಿಂದ ತಂದ ಬುತ್ತಿ ಬಿಚ್ಚಬಹುದು, ಆಗ ನಾಯಿಯನ್ನೂ ಹಗ್ಗ ಕಟ್ಟಿ ಕರೆತರಬಹುದಾಗಿತ್ತು. ನಾಯಿಗೂ ಚೀಲ ಕಾಯುವವನಿಗೂ ಒಂದೇ ದರ್ಜೆಯ ಪುಕ್ಕಟೆ ಪ್ರವೇಶ ಎಂದು ಹೆಂಡತಿ ತೋರಿಸಿಕೊಟ್ಟಳು. ನನಗೇನೂ ಬೇಸರವಾಗಲಿಲ್ಲ. ಎಷ್ಟೋ ವರ್ಷಗಳ ಸೇವೆಗೆ ಸಿಕ್ಕ ಮೊದಲ ಮನ್ನಣೆ ಅದು.

ಜಾಗದ ಕಥೆಯೂ ನನಗೆ ಹಿಡಿಸಿತು. ಕನೋಬೆಲ್ ಎಂಬ ಮನೆತನದ ಹೊಲ, ಕಟ್ಟಿಗೆ ಕೊಯ್ಯುವ ಕಾರಖಾನೆ ಇದ್ದ ಜಾಗ ಇದು. ಸುತ್ತಲಿನ ಊರುಗಳ ಜನ ಭಾನುವಾರ ಕುದುರೆಗಾಡಿ ಕಟ್ಟಿಕೊಂಡು ಹಳ್ಳದ ದಂಡೆಗೆ ಬರುತ್ತಿದ್ದರು, ಮಡುವಿನಲ್ಲಿ ಈಜುತ್ತಿದ್ದರು. ಜಮೀನಿನ ಯಜಮಾನ ಅವರನ್ನು ಓಡಿಸಲಿಲ್ಲ. ಈಜುವುದಕ್ಕೆ ದುಡ್ಡು ಕೇಳಲಿಲ್ಲ. ಅವರ ಕುದುರೆಗಳಿಗೆ ನೀರು ಕುಡಿಸಿ, ಮೇವು ಹಾಕಿ, ಮೈ ತಿಕ್ಕಿಕೊಡುವುದಕ್ಕೆ 25 ಸೆಂಟು ತೆಗೆದುಕೊಂಡ. 1926ರ ಜುಲೈ 4ರಂದು ಒಂದು ಕಾಂಕ್ರೀಟಿನ ಈಜುಕೊಳ, ಒಂದು ಉಗಿಯಂತ್ರದ ಕುದುರೆ ತೊಟ್ಟಿಲು, ಒಂದು ಖಾನಾವಳಿ ಇಟ್ಟುಕೊಂಡು ಪಾರ್ಕು ಶುರುವಾಯಿತು. ಇಂದಿಗೂ ಅದೇ ಮನೆತನದವರು ನಡೆಸುತ್ತಾರೆ.

ಎತ್ತುಗಳ ಕೊರಳು ತಿಕ್ಕಿದವನಿಗೆ ಆ ಕುದುರೆಗಳ ಉಪಚಾರದ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮದು ಧಾರವಾಡದ ಹತ್ತಿರದ ಹಳ್ಳಿ. ನಾನು ಹುಡುಗನಿದ್ದಾಗ ಭಾರತ ಹುಣ್ಣಿಮೆಗೆ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಚಕ್ಕಡಿಯಲ್ಲೇ ಹೋಗುತ್ತಿದ್ದೆವು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಝೂಲ. ಗಾಡಿಯೊಳಗೆ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಮಾದಲಿ, ಮುದುಕರು, ಕೂಸುಗಳು. ಹಳಿಯಾಳ ದಾಟಿ ಕಾಡು ಹೊಕ್ಕ ಮೇಲೆ ರಾತ್ರಿ ಎಲ್ಲಿ ನೀರು ಸಿಕ್ಕಿತೋ ಅಲ್ಲಿ ಬೀಡು. ಮೂರು ಕಲ್ಲಿನ ಒಲೆ. ಗಾಡಿಯ ಕೆಳಗೆ ಹುಲ್ಲು ಹಾಸಿ ನಿದ್ದೆ. ಜಾತ್ರೆಯಲ್ಲಿ ಒಬ್ಬ ಮನುಷ್ಯ ಕೈಯಿಂದಲೇ ತಿರುಗಿಸುವ ನಾಲ್ಕು ಪೆಟ್ಟಿಗೆಯ ಮರದ ತೊಟ್ಟಿಲು ಇರುತ್ತಿತ್ತು. ಏರಿದರೆ ಕಾಸು, ನೋಡಿದರೆ ಪುಕ್ಕಟೆ. ನಮ್ಮಜ್ಜ ಅದರ ಮುಂದೆ ಎಲ್ಲರ ರುಮಾಲು, ಚಪ್ಪಲಿ ಹಿಡಿದುಕೊಂಡು ನಿಲ್ಲುತ್ತಿದ್ದ. ಈ ಹುದ್ದೆ ನಮ್ಮಲ್ಲಿ ವಂಶಪಾರಂಪರ್ಯ.

ಒಂದು ಬೆಂಚು ಹಿಡಿದು, ಚೀಲಗಳನ್ನು ಗಾತ್ರದ ಪ್ರಕಾರ ಜೋಡಿಸಿ, ನಾನು ಸುತ್ತಲಿನ ಯಂತ್ರಗಳ ಜಾತಕ ವಿಚಾರಿಸತೊಡಗಿದೆ. ತಿಳಿದದ್ದು ಇಷ್ಟು: ಇಲ್ಲಿನ ಹೆಸರಾಂತ ಯಂತ್ರಗಳಲ್ಲಿ ಹಲವು ಇಲ್ಲಿ ಹುಟ್ಟಿದವಲ್ಲ. ಬೇರೆ ಊರಿನವರು ಬೇಡವೆಂದು ಬಿಟ್ಟದ್ದನ್ನು ಇವರು ತಂದು ಇಟ್ಟುಕೊಂಡಿದ್ದಾರೆ. ಫೀನಿಕ್ಸ್ ಎಂಬ ಮರದ ರೋಲರ್ ಕೋಸ್ಟರ್ ಮೊದಲು ಇದ್ದದ್ದು ದೂರದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಆಗ ಅದರ ಹೆಸರು ರಾಕೆಟ್. 1940ರ ದಶಕದಲ್ಲಿ ಕಟ್ಟಿದ್ದು. 1980ರಲ್ಲಿ ಆ ಪಾರ್ಕು ಬಾಗಿಲು ಹಾಕಿತು, ಕೋಸ್ಟರ್ ಸುಮ್ಮನೆ ನಿಂತಿತ್ತು. ಇವರು ಹೋಗಿ ಅದನ್ನು ಬಿಚ್ಚಿ, ಹಲಗೆ ಹಲಗೆಗೂ ನಂಬರು ಹಾಕಿ, ಲಾರಿಗಳಲ್ಲಿ ಹೇರಿಕೊಂಡು ಬಂದು, 1985ರಲ್ಲಿ ಮತ್ತೆ ಓಡಿಸಿದರು. 2018ರಲ್ಲಿ ಅದೇ ಮುದಿ ಕೋಸ್ಟರಿಗೆ ಅತ್ಯುತ್ತಮ ಮರದ ಕೋಸ್ಟರ್ ಎಂದು ಗೋಲ್ಡನ್ ಟಿಕೆಟ್ ಪ್ರಶಸ್ತಿ ಬಂತು. ಕಲ್ಲಿದ್ದಲ ಗಣಿಯೊಳಗೆ ಕರೆದೊಯ್ಯುವ ಬ್ಲ್ಯಾಕ್ ಡೈಮಂಡ್ ಎಂಬ ಕತ್ತಲೆಯ ರೈಲೂ ನ್ಯೂಜೆರ್ಸಿಯ ಕಡಲ ದಂಡೆಯಲ್ಲಿ ಕೆಲಸ ಮುಗಿಸಿ ಬಂದದ್ದು. ನಿವೃತ್ತರಾದ ಮೇಲೂ ಕರೆದು ಕೆಲಸ ಕೊಡುವ ಸಂಸ್ಥೆ ಎಲ್ಲಾದರೂ ಇದ್ದರೆ ಹೀಗಿರಬೇಕು ಎಂದು, ಪಿಂಚಣಿದಾರನಾದ ನನಗೆ ಅನ್ನಿಸಿದ್ದು ಸಹಜ.

ಫೀನಿಕ್ಸ್ ಏರಲು ಮೊಮ್ಮಗನಿಗೆ ಜೊತೆ ಬೇಕಾಗಿತ್ತು. ಮಗನಿಗೆ ಸೊಂಟ ನೋವು, ಸೊಸೆಗೆ ತಲೆ ಸುತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಚೀಲಗಳ ಕಡೆ ನೋಡಿದೆ, ಜವಾಬ್ದಾರಿಯುತ ಹುದ್ದೆಯಲ್ಲಿರುವವನು ಹಾಗೆ ಎದ್ದು ಹೋಗಲಾದೀತೆ? ಅಷ್ಟರಲ್ಲಿ ನನ್ನ ಹೆಂಡತಿ ಸೆರಗು ಸೊಂಟಕ್ಕೆ ಬಿಗಿದು, ಕನ್ನಡಕ ತೆಗೆದು ನನ್ನ ಕೈಯಲ್ಲಿಟ್ಟು, "ಬಾರೋ, ನಾ ಬರತೇನಿ" ಎಂದು ಹುಡುಗನ ಕೈ ಹಿಡಿದು ನಡೆದೇಬಿಟ್ಟಳು. ಬೆಳಗಿನಿಂದ ಈ ಪ್ರವಾಸವನ್ನು ಹಂತ ಹಂತವಾಗಿ ಖಂಡಿಸುತ್ತ ಬಂದವಳು ಅವಳೇ.

ಆ ಗಾಡಿ ನಿಲ್ದಾಣ ಬಿಟ್ಟ ಕೂಡಲೇ ಕತ್ತಲೆಯ ಸುರಂಗವೊಂದನ್ನು ಹೊಗುತ್ತದೆ. ಹೊಕ್ಕದ್ದು ಕಂಡೆ. ಆಮೇಲೆ ಎಷ್ಟೋ ಹೊತ್ತು ಏನೂ ಕಾಣಲಿಲ್ಲ. ಸರಪಳಿಯ ಟಕಟಕ ಸದ್ದು ಮಾತ್ರ. ನಂತರ ಸುಮಾರು 78 ಅಡಿ ಎತ್ತರದಲ್ಲಿ, ಮರಗಳ ನೆತ್ತಿಯ ಮೇಲೆ, ಹಸಿರು ಇಳಕಲ್ ಸೀರೆಯೊಂದು ಕಂಡಿತು, ಕಂಡದ್ದೇ ಮಾಯವಾಯಿತು. ಫೀನಿಕ್ಸ್‌ನ ಖ್ಯಾತಿಯೇ ಅದರ ಏರಿಳಿತಗಳಲ್ಲಿ ಕೂತವರು ಆಸನ ಬಿಟ್ಟು ಮೇಲೇಳುವುದಕ್ಕೆ ಎಂದು ಪಕ್ಕದ ಬೆಂಚಿನವರು ಆಗ ಹೇಳಿದರು. ಸ್ವಲ್ಪ ಮೊದಲೇ ಹೇಳಬಹುದಾಗಿತ್ತು.

ಇಳಿದು ಬಂದಾಗ ತುರುಬು ಬಿಚ್ಚಿತ್ತು. ನಾನು ನೀರಿನ ಬಾಟಲಿ ಹಿಡಿದು ಓಡಿದೆ. ಅವಳು ನಗುತ್ತಿದ್ದಳು, ನಿಲ್ಲಿಸಲಾಗದೆ, ಕಣ್ಣಲ್ಲಿ ನೀರು ಬರುವಂತೆ. ನಮ್ಮ ಮಕ್ಕಳ ಮದುವೆಯಲ್ಲೂ ಹೀಗೆ ನಕ್ಕವಳಲ್ಲ. ಆಮೇಲೆ ಬೆಂಚಿನ ಮೇಲೆ ಕುಳಿತು ಹೇಳಿದಳು: ಸಣ್ಣಾಕಿ ಇದ್ದಾಗ ಬನಶಂಕರಿ ಜಾತ್ರೆಯಲ್ಲಿ ತೊಟ್ಟಿಲು ಏರಬೇಕೆಂದು ಪ್ರತಿ ವರ್ಷ ಅಳುತ್ತಿದ್ದಳಂತೆ. 'ಹೆಣ್ಣುಹುಡುಗರಿಗೆ ಅದೆಲ್ಲಾ ಬ್ಯಾಡ' ಎಂದು ಅವರಪ್ಪ ಅಣ್ಣಂದಿರನ್ನಷ್ಟೇ ಏರಿಸುತ್ತಿದ್ದನಂತೆ. ಅವಳ ಪಾಲಿಗೆ ಬರುತ್ತಿದ್ದದ್ದು ಅಣ್ಣಂದಿರ ಟೋಪಿ. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಮಾತು ನನಗೆ ಗೊತ್ತಿರಲಿಲ್ಲ. ನಾನು ಅವಳ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟೆ. ಮೊಮ್ಮಗ, "ಅಜ್ಜೀ, ಒನ್ಸ್ ಮೋರ್?" ಎಂದ. ಹೋದರು.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲವಾಯಿತು. ಫ್ಲೈಯಿಂಗ್ ಟರ್ನ್ಸ್ ಎಂಬ ಇನ್ನೊಂದಿದೆ. ಹಳಿಯಿಲ್ಲದೆ ಮರದ ದೋಣಿಗಾಲುವೆಯೊಳಗೆ ಜಾರುತ್ತ ಇಳಿಯುವ ಗಾಡಿ. 1930ರ ಸುಮಾರಿಗೆ ಇಂಥವು ಅಮೆರಿಕದಲ್ಲಿ ಇದ್ದು ಅಳಿದುಹೋಗಿದ್ದವು. ಇವರು ವರ್ಷಗಟ್ಟಲೆ ಹೆಣಗಿ ಮತ್ತೆ ಕಟ್ಟಿ 2013ರಲ್ಲಿ ಜನರಿಗೆ ಬಿಟ್ಟರು. ಒಂದು ಗಾಡಿಯಲ್ಲಿ ಕೂರುವವರ ಒಟ್ಟು ತೂಕ 400 ಪೌಂಡು, ಅಂದರೆ ಸುಮಾರು 180 ಕಿಲೋ ಮೀರಬಾರದು. ಆದ್ದರಿಂದ ಹತ್ತುವ ಮೊದಲು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಸಾಲಿನಲ್ಲಿ ಅರ್ಧ ದೂರ ಹೋದ ಮೇಲೆ ಇದು ಅವಳಿಗೆ ಗೊತ್ತಾಯಿತು. ಸಾಲು ಬಿಟ್ಟು ದಡದಡನೆ ನನ್ನ ಹತ್ತಿರ ಬಂದಳು. "ನಾಕು ಮಂದ್ಯಾಗ ತೂಕಾ ಮಾಡತಾರಂತ! ನಾನೇನು ಎಪಿಎಂಸಿಗೆ ಬಂದ ಶೇಂಗಾದ ಚೀಲೇನ್ರೀ?" ತಕ್ಕಡಿಯ ಅಂಕಿಯನ್ನು ಯಾರೂ ಕೂಗಿ ಹೇಳುವುದಿಲ್ಲ ಎಂದು ಮಗ ಸಮಜಾಯಿಷಿ ಕೊಟ್ಟ. ಫೀನಿಕ್ಸಿಗೆ ಹೆದರದವಳು ತಕ್ಕಡಿಗೆ ಹೆದರಿದ್ದು ನನಗೆ ವಿಚಿತ್ರವೆನಿಸಲಿಲ್ಲ. ಆ ದಿನ ನಾನೂ ತಕ್ಕಡಿಯ ಕಡೆ ಸುಳಿಯಲಿಲ್ಲ.

ಊಟದ ಚಿಂತೆ ನಾವು ಅಂದುಕೊಂಡಷ್ಟು ಇರಲಿಲ್ಲ. ಆ ಸೀಮೆಯಲ್ಲಿ ಪಿಯೆರೋಗಿ ಎಂದು ಮಾಡುತ್ತಾರೆ, ಆಲೂಗಡ್ಡೆಯ ಹೂರಣ ತುಂಬಿದ ಕಡುಬು, ಮೇಲೆ ಬೆಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ. ಕಲ್ಲಿದ್ದಲ ಗಣಿಗಳಲ್ಲಿ ದುಡಿಯಲು ಪೂರ್ವ ಯುರೋಪಿನಿಂದ ಬಂದ ಜನ ತಂದ ತಿನಿಸು. ಖಾರವೊಂದಿಲ್ಲ. ಅದಕ್ಕೆ ನಮ್ಮ ಚೀಲದಲ್ಲಿ ಗುರೆಳ್ಳು ಚಟ್ನಿಪುಡಿ ಇತ್ತು. ಕಾಯುವ ಚೀಲದಲ್ಲಿ ಏನಿರಬೇಕೆಂಬುದು ಕಾಯುವವನಿಗೇ ಗೊತ್ತು.

ಡೇರೆಯ ವಿಷಯಕ್ಕೆ ಬರುತ್ತೇನೆ. ಹಗಲಿನ ಬಗ್ಗೆ ನಾನು ಹೇಳಿದ್ದೆಲ್ಲ ಹೊಗಳಿಕೆ. ರಾತ್ರಿಯದು ಮಿಶ್ರ ಅನುಭವ. ಮಗ ಯೂಟ್ಯೂಬ್ ನೋಡಿ ಡೇರೆ ಕಟ್ಟುತ್ತಿದ್ದ. ಕಾಡಿನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದ್ದರಿಂದ ವಿಡಿಯೋ ನಿಂತಲ್ಲೇ ಡೇರೆಯೂ ನಿಂತಿತು. ಪಕ್ಕದಲ್ಲಿ ಮನೆಯಷ್ಟೇ ದೊಡ್ಡ ಬಸ್ಸಿನಲ್ಲಿ ಬೀಡು ಬಿಟ್ಟಿದ್ದ ಹಿರಿಯರೊಬ್ಬರು ಬಂದು, ಏನೂ ಮಾತಾಡದೆ, ಗೂಟಗಳನ್ನು ಜಡಿದು ಹೋದರು. ಕಟ್ಟಿಗೆಯನ್ನು ಅಲ್ಲೇ ಕೊಳ್ಳಬೇಕು, ಬೇರೆ ಊರಿನಿಂದ ತರಬಾರದು. ಮರಗಳನ್ನು ಕೊಲ್ಲುವ ಹುಳುಗಳು ಕಟ್ಟಿಗೆಯೊಳಗೆ ಅಡಗಿ ಕಾಡಿನಿಂದ ಕಾಡಿಗೆ ಹಬ್ಬುತ್ತವೆಂದು ಈ ಕಟ್ಟುನಿಟ್ಟು. ಅಮೆರಿಕದವರು ಬೆಂಕಿಯಲ್ಲಿ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಸುಡುತ್ತಾರೆ. ಅದರಲ್ಲಿ ಪ್ರಾಣಿಗಳ ಜೆಲಟಿನ್ ಇರುತ್ತದೆಂದು ಸೊಸೆ ಜೆಲಟಿನ್ ಇಲ್ಲದ್ದನ್ನು ಎಲ್ಲಿಂದಲೋ ಹುಡುಕಿ ತಂದಿದ್ದಳು. ಒಂದು ತಿಂದ ನನ್ನ ಹೆಂಡತಿ, "ಹತ್ತೀನ ಸಕ್ಕರ್ಯಾಗ ಅದ್ದಿದ್ಹಂಗ ಐತಿ" ಎಂದು ಬದಿಗಿಟ್ಟು, ತಂದಿದ್ದ ಬದನೇಕಾಯಿಗಳನ್ನು ಕೆಂಡದಲ್ಲಿ ಹೂತಳು. ಸುಟ್ಟ ಬದನೆಯ ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕಿವುಚಿ, ಊರಿಂದ ತಂದ ಕಡಕ್ ರೊಟ್ಟಿಯ ಮೇಲೆ ಹಚ್ಚಿ ಕೊಟ್ಟಳು. ಸುತ್ತಲಿನ ನಾಲ್ಕಾರು ಬಿಡಾರಗಳಲ್ಲಿ ತಲೆಗಳು ನಮ್ಮ ಕಡೆ ಹೊರಳಿದವು.

ಗೂಟ ಜಡಿದ ಹಿರಿಯರನ್ನು ಕರೆದೆವು. ಅರ್ಧ ರೊಟ್ಟಿ ತಿಂದು, ಕಣ್ಣೊರೆಸಿಕೊಂಡು, ಇನ್ನರ್ಧ ಕೇಳಿದರು. ಅವರ ಊರು ಅಲ್ಲಿಂದ ಅರ್ಧ ಗಂಟೆಯ ಹಾದಿಯೂ ಅಲ್ಲ. ಮನೆ ಇಷ್ಟು ಹತ್ತಿರವಿದ್ದೂ ಇಲ್ಲಿ ಯಾಕೆ ಬೀಡು ಎಂದು ಮಗನ ಮೂಲಕ ಕೇಳಿಸಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರಪ್ಪ ಗಣಿಯಲ್ಲಿದ್ದಾಗ ಬೇಸಿಗೆಯ ಪಿಕ್‌ನಿಕ್ಕು ಇಲ್ಲೇ. ಮದುವೆಯಾಗಿ ಮಕ್ಕಳಾದ ಮೇಲೂ ಇಲ್ಲೇ. ಮಕ್ಕಳು ಕೆಲಸ ಹುಡುಕಿಕೊಂಡು ಬೇರೆ ರಾಜ್ಯಗಳಿಗೆ ಹೋಗಿದ್ದಾರೆ, ಊರಿನ ಮನೆಗೆ ಬಾ ಎಂದರೆ ಬರುವುದಿಲ್ಲ, ಇಲ್ಲಿಗೆ ಎಂದರೆ ಮೊಮ್ಮಕ್ಕಳು ಅವರನ್ನು ಎಳೆದು ತರುತ್ತಾರೆ ಎಂದರು. ಮರುದಿನ ಬರುವವರಿದ್ದರು.

ಅದು ಆಂಥ್ರಸೈಟ್ ಕಲ್ಲಿದ್ದಲಿನ ಸೀಮೆ. ಗಣಿಗಳು ಮುಚ್ಚಿ ಊರುಗಳು ಬರಿದಾಗಿವೆ. ಹೆಚ್ಚು ದೂರವಿಲ್ಲದ ಸೆಂಟ್ರೇಲಿಯಾ ಎಂಬ ಊರಿನ ಅಡಿಯಲ್ಲಿ 1962ರಲ್ಲಿ ಹತ್ತಿದ ಗಣಿಬೆಂಕಿ ಇನ್ನೂ ಉರಿಯುತ್ತಿದೆ, ಬಹುತೇಕ ಜನ ಎದ್ದುಹೋಗಿದ್ದಾರೆ. ಇತ್ತ ಈ ಪಾರ್ಕಿಗೆ ಬೆಂಕಿಯ ಬದಲು ನೀರಿನ ಕಾಟ. 1972ರ ಆಗ್ನೆಸ್ ಚಂಡಮಾರುತದಲ್ಲಿ, ಮತ್ತೆ 2011ರ ಲೀ ಬಿರುಗಾಳಿಯ ಮಳೆಯಲ್ಲಿ, ಹಗಲು ನಾವು ದಾಟಿದ ಹಳ್ಳವೇ ಉಕ್ಕಿ ಹಲವು ಯಂತ್ರಗಳನ್ನು ಮುಳುಗಿಸಿತ್ತು. ಕೆಸರು ತೊಳೆದು ಮತ್ತೆ ತಿರುಗಿಸಿದರು. ಫೀನಿಕ್ಸ್‌ನ ತೊಲೆಗಳನ್ನು ಹೇರಿಕೊಂಡ ಲಾರಿಗಳು ಬಂದದ್ದನ್ನು ನೋಡಲು ತಾವು ಹೋಗಿ ನಿಂತಿದ್ದನ್ನು ಆ ಹಿರಿಯರು ಹೇಳಿದರು. ಏರಿದ್ದೀರಾ ಎಂದು ನನ್ನ ಹೆಂಡತಿ ಕೇಳಿದಳು. ಇಲ್ಲವಂತೆ. ತಾವು ಕೋಟು ಹಿಡಿದುಕೊಂಡು ಕೆಳಗೆ ನಿಲ್ಲುವವರು ಎಂದರು. ಭಾಷೆ ಅಷ್ಟಾಗಿ ಬಾರದಿದ್ದರೂ ನಾನು ಎದ್ದು ಅವರ ಕೈ ಕುಲುಕಿದೆ.

ಅವರು ಹೋದ ಮೇಲೆ ಬೆಂಕಿಯ ಮುಂದೆ ನಾನೂ ಮಗನೂ ಉಳಿದೆವು. ಫೋನಿಗೆ ನೆಟ್‌ವರ್ಕ್ ಇಲ್ಲದ್ದರಿಂದ ಅವನು ನನ್ನ ಜೊತೆ ಮಾತಾಡುವುದು ಅನಿವಾರ್ಯವಾಗಿತ್ತು. "ಉಳವಿಗೆ ನಮ್ಮನ್ನ ಚಕ್ಕಡ್ಯಾಗ ಒಮ್ಮಿನೂ ಒಯ್ಯಲಿಲ್ಲ ನೀವು" ಎಂದ. ಅವನು ಹುಟ್ಟುವ ಹೊತ್ತಿಗೆ ಎತ್ತುಗಳನ್ನು ಮಾರಿಯಾಗಿತ್ತು. ನನಗೆ ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಭಾರತ ಹುಣ್ಣಿಮೆ ಬರುವ ಹೊತ್ತಿಗೆ ಅವನಿಗೆ ಪರೀಕ್ಷೆಯ ತಯಾರಿ. ಹೋದರೂ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವುದು. ಗಾಡಿಯ ಕೆಳಗೆ ಮಲಗಿದವರಿಗಲ್ಲದೆ ಬಸ್ಸಿನವರಿಗೆ ಉಳವಿ ದಕ್ಕುವುದಿಲ್ಲ ಎಂದು ನಮ್ಮಜ್ಜ ವಾದಿಸುತ್ತಿದ್ದ. ಅಜ್ಜನ ವಾದಗಳಲ್ಲಿ ಬಹಳಷ್ಟನ್ನು ನಾನು ಒಪ್ಪಿದವನಲ್ಲ, ಇದನ್ನು ಅಂದು ಒಪ್ಪಿದೆ. ಆದರೆ ರಾತ್ರಿ ಎರಡರ ಸುಮಾರಿಗೆ, ಗಾಳಿ ತುಂಬಿದ ಹಾಸಿಗೆ ಸದ್ದಿಲ್ಲದೆ ಗಾಳಿ ಬಿಟ್ಟು, ಬೆನ್ನಿಗೆ ಪೆನ್ಸಿಲ್ವೇನಿಯಾದ ಕಲ್ಲುಗಳು ಒಂದೊಂದಾಗಿ ತಾಗತೊಡಗಿದಾಗ, ಅಜ್ಜ ನನಗಿಂತ ಗಟ್ಟಿ ಬೆನ್ನಿನವನಾಗಿದ್ದ ಎಂಬುದನ್ನೂ ಒಪ್ಪಬೇಕಾಯಿತು. ಜೂನ್ ತಿಂಗಳಲ್ಲೂ ಅಲ್ಲಿ ನಸುಕಿಗೆ ಚಳಿ. ನನ್ನ ಚಾದರ ಹೆಂಡತಿಯ ಮೇಲಿತ್ತು. ಅವಳದೂ ಅವಳ ಮೇಲೇ ಇತ್ತು.

ಮರುದಿನ ಹೊರಡುವ ಮೊದಲು ಗ್ರ್ಯಾಂಡ್ ಕ್ಯಾರೌಸೆಲ್ ಹತ್ತಿದೆವು. 1913ರ ಕುದುರೆ ತೊಟ್ಟಿಲು ಅದು, ಕೈಯಿಂದ ಕೆತ್ತಿದ ಮರದ ಕುದುರೆಗಳು. ತನ್ನಷ್ಟಕ್ಕೆ ನುಡಿಯುವ ಬ್ಯಾಂಡ್ ಆರ್ಗನ್ ಪಕ್ಕದಲ್ಲಿ ಊದುತ್ತಿರುತ್ತದೆ. ಹೊರಸಾಲಿನ ಕುದುರೆಯ ಮೇಲೆ ಕೂತವರು ತಿರುಗುತ್ತ ತಿರುಗುತ್ತಲೇ ಕೈಚಾಚಿ ಕಂಬದೊಳಗಿಂದ ಬಳೆಯೊಂದನ್ನು ಕಿತ್ತುಕೊಳ್ಳಬೇಕು. ಎಲ್ಲವೂ ಉಕ್ಕಿನವು, ನಡುವೆ ಹಿತ್ತಾಳೆಯದು ಸಿಕ್ಕರೆ ಇನ್ನೊಂದು ಸುತ್ತು ಪುಕ್ಕಟೆ. ಹಿಂದೆ ಅಮೆರಿಕದ ಎಷ್ಟೋ ತೊಟ್ಟಿಲುಗಳಲ್ಲಿ ಈ ಆಟವಿತ್ತು, ಈಗ ಬೆರಳೆಣಿಕೆಯ ಕಡೆ ಉಳಿದಿದೆ. ನಮ್ಮ ಮುಂದಿನ ಕುದುರೆಯ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದೇ ಸಲಕ್ಕೆ ಎರಡೆರಡು ಬಳೆ ಕೀಳುತ್ತಿದ್ದರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲ, ಅಷ್ಟು ಶ್ರದ್ಧೆ. ನಾನು ಚೀಲಗಳ ಸಮೇತ ಕುದುರೆ ಏರಿದ್ದೆ. ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಕುದುರೆಯ ಕಂಬ. ಬಳೆಗೆ ಚಾಚಲು ಮೂರನೆಯ ಕೈ ಇರಲಿಲ್ಲ. ಹಿತ್ತಾಳೆಯದು ಬೇರೆ ಯಾರಿಗೋ ಸಿಕ್ಕಿತು.

ನಮ್ಮ ನಾಡಿನಲ್ಲಿ ಪಾರ್ಕು ಕಟ್ಟುವವರಲ್ಲಿ ಒಂದು ಅರಿಕೆ. ಏರುವವರಿಂದ ಎಷ್ಟು ಬೇಕಾದರೂ ತೆಗೆದುಕೊಳ್ಳಿ. ನಿಂತು ನೋಡುವವರನ್ನು ಬಿಟ್ಟುಬಿಡಿ. ಅವರು ಒಳಗೆ ಬಂದರೆ ನಿಮ್ಮ ಚಹಾ, ಮಿರ್ಚಿ, ಗಿರಮಿಟ್ಟು ಖರ್ಚಾಗುತ್ತವೆ. ಪ್ರವೇಶಕ್ಕೆ ಒಂದು ಸೆಂಟೂ ಕೊಡದ ನಾವು ಆ ಪಾರ್ಕಿನಲ್ಲಿ ಕೈಬಿಚ್ಚಿ ಖರ್ಚು ಮಾಡಿ ಬಂದೆವು. ಬ್ಯಾಂಕಿನಲ್ಲಿದ್ದವನು ಹೇಳುವ ಲೆಕ್ಕ ಇದು, ನಂಬಬಹುದು.

ಇನ್ನು ಮಕ್ಕಳ ಮನೆಗೆಂದು ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಹೋಗುವ ನನ್ನ ಓರಗೆಯವರಿಗೆ: ನಯಾಗರವನ್ನು ಅವರು ಹೇಗೂ ತೋರಿಸುತ್ತಾರೆ, ಇದನ್ನು ನೀವೇ ಕೇಳಬೇಕು. ಕಟ್ಟಿಗೆ ಅಲ್ಲೇ ಕೊಳ್ಳಿರಿ, ಚಟ್ನಿಪುಡಿ ಮನೆಯಿಂದ ಒಯ್ಯಿರಿ. ಬೆನ್ನು ಗಟ್ಟಿಯಿಲ್ಲದವರು ಡೇರೆಯ ಬದಲು ಮರದ ಕ್ಯಾಬಿನ್ ಹಿಡಿಯಿರಿ, ಅದೂ ಸಿಗುತ್ತದೆ. ಜೊತೆಯವರು ಏರುತ್ತೇನೆಂದರೆ ತಡೆಯಬೇಡಿ. ಬೆಂಚುಗಳು ಸಾಕಷ್ಟಿವೆ, ಬಹಳಷ್ಟು ನೆರಳಿನಲ್ಲೇ ಇವೆ.